ಗಲ್ಲಾದ ಮೇಲೆ ಕೂತವರು

ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾರನ್ನಾದರೂ ನಿಲ್ಲಿಸಿ, ನಿಮ್ಮ ಮುತ್ತಜ್ಜ ಏನು ಮಾಡುತ್ತಿದ್ದರು ಎಂದು ಕೇಳಿದರೆ "ಒಕ್ಕಲುತನ ರೀ" ಎಂಬ ಉತ್ತರ ಮೊದಲು ಬರುತ್ತದೆ. ಆಮೇಲೆ ನೇಕಾರಿಕೆ ಬರುತ್ತದೆ, ಅರಳೆ ದಲಾಲಿ ಬರುತ್ತದೆ, ಕಿರಾಣಿ ಅಂಗಡಿ ಬರುತ್ತದೆ. "ನಮ್ಮಜ್ಜಂದು ಸೆರೆ ಅಂಗಡಿ ಇತ್ತರೀ" ಎಂಬ ಮಾತು ಮಾತ್ರ ಬರುವುದಿಲ್ಲ. ಅಂಗಡಿಗಳಂತೂ ಇದ್ದವು. ಕುಡಿದವರ ಕಥೆ ಊರಿಗೆಲ್ಲ ಗೊತ್ತು, ಕುಡಿದು ಹೊಲ ಮಾರಿದವರ ಹೆಸರನ್ನು ಬೆರಳು ಮಡಿಚಿ ಎಣಿಸುತ್ತಾರೆ. ಅಂಗಡಿ ಇದ್ದ ಮೇಲೆ ಅದರ ಗಲ್ಲಾದ ಮೇಲೆ ಒಬ್ಬರು ಕೂತಿರಲೇಬೇಕು. ಅವರಿಗೂ ಮಕ್ಕಳು, ಮೊಮ್ಮಕ್ಕಳು ಇದ್ದಿರಲೇಬೇಕು. ಆ ಮೊಮ್ಮಕ್ಕಳೆಲ್ಲ ಎಲ್ಲಿಗೆ ಹೋದರು?

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಯಾರನ್ನೂ ಕಾಡುವುದಿಲ್ಲ. ಅಲ್ಲಿ ಪಬ್ ನಡೆಸಿದ ಹಿರಿಯರನ್ನು ಹುಡುಕುವುದು ನಿವೃತ್ತರ ಮೆಚ್ಚಿನ ಹವ್ಯಾಸ. ಕಾಗದಪತ್ರ ಅವರಿಗೆ ಧಾರಾಳವಾಗಿ ಸಿಗುತ್ತದೆ. 1552ರಲ್ಲೇ ಅಲ್ಲಿನ ಕಾನೂನು, ಬಿಯರ್ ಮಾರುವ ಮನೆಯವರು ನ್ಯಾಯಾಧಿಕಾರಿಗಳ ಮುಂದೆ ಬಂದು ಅನುಮತಿ ಪಡೆಯಬೇಕೆಂದು ಹೇಳಿತು. 1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯಲ್ಲಿ ಮನೆಮನೆಯ ಹೆಸರು, ಕಸುಬು ಬರೆದಿಟ್ಟರು. ಇವತ್ತು ಯಾರು ಬೇಕಾದರೂ ಹಳೆಯ ಹಾಳೆ ತೆರೆದು ಮುತ್ತಜ್ಜಿಯ ಹೆಸರಿನ ಮುಂದೆ ಏನು ಬರೆದಿದೆ ಎಂದು ನೋಡಬಹುದು. ನಮ್ಮಲ್ಲೂ ಬ್ರಿಟಿಷರೇ ಜನಗಣತಿ ಮಾಡಿದರು. ಆದರೆ ಅಚ್ಚಾಗಿ ಉಳಿದದ್ದು ಇಷ್ಟು ಸಾವಿರ ಜನ, ಇಂಥ ಕಸುಬಿನವರು ಇಷ್ಟು ಎಂಬ ಲೆಕ್ಕ ಮಾತ್ರ. ಅಜ್ಜ ಒಂದು ಅಂಕಿಯೊಳಗೆ ಕರಗಿಹೋದ.

ನಾಚಿಕೆಗೆ ಕಾರಣವಿಲ್ಲ ಎನ್ನಲು ಈ ನಾಡಿನಲ್ಲೇ ದೊಡ್ಡದೊಂದು ಸಾಕ್ಷಿ ಇದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಒಬ್ಬ. ಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡವನು. ಅವನ ವಚನಗಳ ಅಂಕಿತ ಧರ್ಮೇಶ್ವರಲಿಂಗ. ಹೆಂಡ ಮಾರುತ್ತಲೇ ಕುಡಿಯಲು ಬಂದವರಿಗೆ ಬುದ್ಧಿ ಹೇಳುತ್ತಿದ್ದನಂತೆ. ಗದಗದ ತೋಂಟದಾರ್ಯ ಮಠದಿಂದ ಹಾಲಕೆರೆಯ ಅನ್ನದಾನೇಶ್ವರ ಮಠದವರೆಗೆ ಶರಣರ ಹೆಸರು ದಿನವೂ ಕೇಳಿಬರುವ ಸೀಮೆ ಇದು. ಆದರೂ ಮಾರಯ್ಯನ ಹೆಸರಿಗೆ ಕೈ ಮುಗಿಯುವವರು ತಮ್ಮ ಮನೆಯ ಮಾರಯ್ಯನನ್ನು ಅಟ್ಟದ ಮೇಲೆ ಹಾಕಿಬಿಟ್ಟಿದ್ದಾರೆ.

ಹಾಗಾದರೆ ಮನೆತನದ ಚರಿತ್ರೆ ಬಲ್ಲವರು ಇಲ್ಲಿ ಯಾರು? ಮೊದಲ ಹೆಸರು ಹೆಳವರದು. ಸುಗ್ಗಿ ಮುಗಿದ ಮೇಲೆ ಊರ ಹೊರಗೆ ಬಿಡಾರ ಹೂಡಿ, ತಮ್ಮ ಪಾಲಿಗೆ ಬಂದ ಒಕ್ಕಲ ಮನೆಗಳಿಗೆ ಬರುವ ಜನ ಇವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟಾರ್ ಸೈಕಲ್ಲಿನಲ್ಲೂ ಬರುತ್ತಾರೆ. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತು ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ ಬಿಚ್ಚುತ್ತಾರೆ. ಓದುವುದೇನೋ ಪುಸ್ತಕ ನೋಡಿಯೇ, ಆದರೆ ದನಿ ಎತ್ತಿದ ಮೇಲೆ ಕಣ್ಣು ಪುಸ್ತಕದ ಮೇಲೆ ಇರುವುದು ಕಡಿಮೆ. ಮನೆತನ ಯಾವ ಊರಿನಿಂದ ಎದ್ದು ಬಂತು, ಮೂಲಪುರುಷ ಯಾರು, ಅವನಿಗೆ ಎಷ್ಟು ಜನ ಗಂಡುಮಕ್ಕಳು, ಯಾರು ಯಾವ ಊರಲ್ಲಿ ನೆಲೆ ನಿಂತರು, ಮನೆದೇವರು ಯಾವುದು ಎಂದು ತಲೆಮಾರಿನ ಮೇಲೆ ತಲೆಮಾರು ಹೇಳುತ್ತ ಬರುತ್ತಾರೆ. ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಕೇಳಿ ಅಲ್ಲೇ ಬರೆದುಕೊಳ್ಳುತ್ತಾರೆ. ಮನೆಯವರು ಜೋಳವನ್ನೋ ಬಟ್ಟೆಯನ್ನೋ ರೊಕ್ಕವನ್ನೋ ಕೊಡುತ್ತಾರೆ. ಅನುಕೂಲಸ್ಥರಾದರೆ ಆಕಳ ಕರು. ಯಾವ ಸರ್ಕಾರದ ಹಂಗೂ ಇಲ್ಲದೆ ಇಷ್ಟು ಕಾಲ ನಡೆದುಬಂದ ದಫ್ತರ ಬೇರೊಂದು ಸಿಗುವುದು ಕಷ್ಟ.

ಆದರೆ ಹೆಳವರ ಪುಸ್ತಕಕ್ಕೂ ಒಂದು ಮಿತಿ ಇದೆ. ಮನೆತನದ ಅಂಗಳದಲ್ಲಿ ಕೂತು, ಮನೆಯವರೇ ಕೊಡುವ ಜೋಳಕ್ಕೆ ಹೇಳುವ ಚರಿತ್ರೆಯಲ್ಲಿ ಮನೆಯವರು ಮುಚ್ಚಿಡಬೇಕೆಂದ ಕಸುಬು ಎದ್ದು ಕಾಣುವುದಿಲ್ಲ. ವಲಸೆ ಸಿಗುತ್ತದೆ, ವಂಶ ಸಿಗುತ್ತದೆ, ಅಂಗಡಿ ಸಿಗುವುದಿಲ್ಲ. ಅಲ್ಲದೆ ಎಲ್ಲ ಜಾತಿಗಳಿಗೂ ಹೆಳವರಿಲ್ಲ. ಪಂಢರಪುರ, ನಾಸಿಕ, ತ್ರ್ಯಂಬಕದ ಕ್ಷೇತ್ರ ಪುರೋಹಿತರ ವಹಿಗಳಲ್ಲಿ ಯಾತ್ರೆಗೆ ಹೋದವರ ಹೆಸರು, ಊರು ಸಿಗಬಹುದು. ಅಲ್ಲೂ ಇದೇ ತಕರಾರು. ದೇವರ ಮುಂದೆ ನಿಂತು ಸರಾಯಿ ಗುತ್ತಿಗೆದಾರ ಎಂದು ಯಾರು ಬರೆಸುತ್ತಾರೆ?

ಆದ್ದರಿಂದ ಸೆರೆ ಅಂಗಡಿಯ ಅಜ್ಜನನ್ನು ಹುಡುಕುವವರು ಕೊನೆಗೆ ಅಬಕಾರಿಯ ಕಾಗದಕ್ಕೇ ಬರಬೇಕು. ಕಾಗದ ಹುಡುಕುವ ಮುಂಚೆ, ಯಾವ ಕಾಲದಲ್ಲಿ ಈ ಊರುಗಳನ್ನು ಯಾರು ಆಳಿದರು ಎಂಬುದು ತಲೆಯಲ್ಲಿರಬೇಕು. ನರಗುಂದ 1858ರವರೆಗೆ ಭಾವೆ ಮನೆತನದ ಸಂಸ್ಥಾನ. ಆ ವರ್ಷದ ಮೇ ಕೊನೆಯಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಉರುಳಿತು. ಜೂನ್ 12ರಂದು ಬಂಡೆದ್ದ ಸಂಸ್ಥಾನಿಕ ಬಾಬಾಸಾಹೇಬ ಭಾಸ್ಕರರಾವ್ ಭಾವೆಯನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸಂಸ್ಥಾನ ಕಂಪನಿಯ ಕೈಸೇರಿತು. ಅದಕ್ಕೂ ಹಿಂದಿನ ನರಗುಂದದ ಕಾಗದ ಬಹುಪಾಲು ಮರಾಠಿಯ ಮೋಡಿ ಲಿಪಿಯಲ್ಲಿರುತ್ತದೆ. ಗಜೇಂದ್ರಗಡ ಘೋರ್ಪಡೆಯವರ ಜಹಗೀರು. 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಒಪ್ಪಂದವಾದದ್ದು ಇದೇ ಊರಿನ ಹೆಸರಿನಲ್ಲಿ. ಅಲ್ಲೂ ಮೋಡಿಯೇ. ಮೋಡಿ ಬಲ್ಲವರು ಈಗ ಬೆರಳೆಣಿಕೆಯಷ್ಟು ಜನ. ಪುಣೆಯಲ್ಲಿ ಪೇಶ್ವೆ ದಫ್ತರದ ಕಟ್ಟುಗಳು ರಾಶಿ ರಾಶಿ ಬಿದ್ದಿವೆ, ಓದುವವರಿಗಾಗಿ ಕಾದಿವೆ.

1858ರ ಈಚೆಗೆ ಹಾದಿ ಸ್ವಲ್ಪ ಸಲೀಸು. ಮುಂಬಯಿ ಇಲಾಖೆ ಮೊದಮೊದಲು ಭಟ್ಟಿ ಇಳಿಸುವ, ಮಾರುವ ಹಕ್ಕನ್ನು ಗುತ್ತಿಗೆಗೆ ಹಾಕುತ್ತಿತ್ತು. ಲಿಲಾವಿನಲ್ಲಿ ಹೆಚ್ಚು ಕೂಗಿದವನಿಗೆ ಹಕ್ಕು. 1878ರ ಮುಂಬಯಿ ಅಬಕಾರಿ ಕಾಯ್ದೆ ಬಂದ ಮೇಲೆ ಹಿಡಿತ ಬಿಗಿಯಾಯಿತು. ಕಲೆಕ್ಟರರ ಲೈಸೆನ್ಸಿಲ್ಲದೆ ಇಳಿಸುವಂತಿಲ್ಲ, ಮಾರುವಂತಿಲ್ಲ. ಈಚಲು ಮರಕ್ಕೆ ಬಾಚಿ ಹಾಕಬೇಕಾದರೂ ತೆರಿಗೆ. ಕಾಲವೂ ಹಾಗೇ ಕೂಡಿಬಂತು. 1876ರಿಂದ 78ರವರೆಗೆ ಭೀಕರ ಬರ ಈ ಎರೆಯ ಸೀಮೆಯನ್ನು ಹಿಂಡಿಹಾಕಿತ್ತು. ಊರುಗಳು ಖಾಲಿಯಾಗಿದ್ದವು, ಉಳಿದವರು ಮತ್ತೆ ಬದುಕು ಹೂಡುತ್ತಿದ್ದರು. ಆ ಹೊಸ ಬದುಕಿಗೂ ಹೊಸ ಕಾನೂನಿಗೂ ಒಟ್ಟಿಗೇ ಮುಹೂರ್ತ ಬಿತ್ತು. ಅದಕ್ಕೂ ಹದಿನೈದು ವರ್ಷ ಹಿಂದೆ ಅಮೆರಿಕದ ಅಂತರ್ಯುದ್ಧದಿಂದ ಧಾರವಾಡ ಸೀಮೆಯ ಅರಳೆಗೆ ಬಂಗಾರದ ಬೆಲೆ ಬಂದಿತ್ತು. ರೈತನ ಉಡಿಯಲ್ಲಿ ರೊಕ್ಕ ಆಡಿದಾಗ ಸಂತೆಯ ಮೂಲೆಯ ಸೆರೆ ಅಂಗಡಿಗೂ ಅದರಲ್ಲಿ ಪಾಲು ಸಿಕ್ಕಿಯೇ ಇರುತ್ತದೆ.

ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಇಲಾಖೆಯ ಗ್ಯಾಜೆಟಿಯರ್‌ನಲ್ಲಿ 22ನೆಯ ಸಂಪುಟ ಧಾರವಾಡ ಜಿಲ್ಲೆಯದು, 1884ರಲ್ಲಿ ಅಚ್ಚಾದದ್ದು. ಯಾವ ಜಾತಿಯವರು ಏನು ಉಣ್ಣುತ್ತಾರೆ, ಯಾರು ಕುಡಿಯುತ್ತಾರೆ, ಯಾರು ಮಾರುತ್ತಾರೆ ಎಂದು ಪುಟಗಟ್ಟಲೆ ಬರೆದಿದ್ದಾರೆ. ಬರೆದ ಧಾಟಿ ಮಾತ್ರ ದೊರೆಗಳದು. ಒಂದೊಂದು ಜಾತಿಗೆ ಒಂದೊಂದು ಸ್ವಭಾವದ ಚೀಟಿ ಅಂಟಿಸುತ್ತ ಹೋಗುತ್ತಾರೆ. ಅದನ್ನು ನಂಬಿ ಕೂತರೆ ಕೆಟ್ಟೆವು. ವಿವರಗಳು ಮಾತ್ರ ಬೇರೆಲ್ಲೂ ಸಿಗುವಂಥವಲ್ಲ. ಹುಡುಕುವವರಿಗೆ ಇನ್ನೊಂದು ಎಚ್ಚರ ಬೇಕು. ಈ ಸಂಪುಟದ ಕಾಲದಲ್ಲಿ ನರಗುಂದವನ್ನು ನವಲಗುಂದದ ಕೆಳಗೆ ನೋಡಬೇಕು, ಗಜೇಂದ್ರಗಡವನ್ನು ರೋಣದ ಕೆಳಗೆ. ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಗಜೇಂದ್ರಗಡ ತಾಲ್ಲೂಕಾದದ್ದು ಇನ್ನೂ ಈಚೆಗೆ. ಇಂದಿನ ಹೆಸರು ಹಿಡಿದು ಹಳೆಯ ದಫ್ತರದ ಬಾಗಿಲು ತಟ್ಟಿದರೆ "ಇಲ್ಲಿಲ್ಲ" ಎಂಬ ಉತ್ತರವೇ ಸಿಕ್ಕೀತು. ಧಾರವಾಡದಲ್ಲಿ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ. ಇಲಾಖೆಯ ಮಟ್ಟದ ಕಾಗದಕ್ಕೆ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರಕ್ಕೇ ಹೋಗಬೇಕು.

ಅಂಗಡಿಯ ಚರಿತ್ರೆಗೆ ರಕ್ತದ ಕಲೆಯೂ ಇದೆ. 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆ ಅಂಗಡಿಯ ಮುಂದೆ ಖಿಲಾಫತ್ ಮತ್ತು ಅಸಹಕಾರ ಚಳವಳಿಯವರು ಧರಣಿ ಕೂತಿದ್ದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಗುಂಡು ಹಾರಿದ ಜಕನಿ ಬಾವಿಯ ಹೆಸರು ಹೇಳಿದರೆ ಹಳೆಯ ಧಾರವಾಡದವರಿಗೆ ಈಗಲೂ ಅದೇ ನೆನಪು. ಸತ್ತವರನ್ನು ಊರು ನೆನೆಯುತ್ತದೆ, ನೆನೆಯಲೇಬೇಕು. ಆ ದಿನ ಅಂಗಡಿಯ ಗಲ್ಲಾದ ಮೇಲೆ ಯಾರಿದ್ದರು, ಮರುದಿನ ಬಾಗಿಲು ತೆರೆದರೋ ಇಲ್ಲವೋ ಎಂದು ಕೇಳುವವರು ಕಡಿಮೆ. ಅಂಗಡಿಯವನನ್ನು ಖಳನಾಗಿಯಾದರೂ ನೆನಪಿಡಬಹುದಿತ್ತು, ಅದೂ ಆಗಲಿಲ್ಲ.

ನಿಜವಾದ ಮರೆವು ಶುರುವಾದದ್ದು 1950ರಲ್ಲಿ. ಮುಂಬಯಿ ಪಾನನಿರೋಧ ಕಾಯ್ದೆ 1949ರಲ್ಲಿ ಬಂತು, ಮರುವರ್ಷ ಇಡೀ ಪ್ರಾಂತದಲ್ಲಿ ಅಂಗಡಿಗಳಿಗೆ ಬೀಗ ಬಿತ್ತು. ರೋಣ, ನರಗುಂದದ ಲೈಸೆನ್ಸುಗಳು ಕಾಗದದ ಚೂರಾದವು. ಆದರೆ ಗಜೇಂದ್ರಗಡದಿಂದ ಮೂಡಲಿಗೆ ನಡೆದರೆ ಕುಷ್ಟಗಿ, ಯಲಬುರ್ಗಾ. ಅವು ಆಗ ಹೈದರಾಬಾದ್ ರಾಜ್ಯದ ಸೀಮೆ. ಅಬಕಾರಿಯ ಆದಾಯವನ್ನೇ ನೆಚ್ಚಿದ್ದ ಬೊಕ್ಕಸ ಅಲ್ಲಿನದು. ಈ ಕಡೆ ಮುಂಬಯಿ ಸರ್ಕಾರದ ಪಾನನಿರೋಧ, ಆ ಕಡೆ ಶೇಂದಿಯ ಗಡಿಗೆ. ನಡುವೆ ಒಂದು ಹಳ್ಳ, ಒಂದು ಗುಡ್ಡದ ಸಾಲು. ಊರೊಳಗೆ ಕಳ್ಳಭಟ್ಟಿ ಹೊತ್ತಿಕೊಂಡಿತು. ಅಲ್ಲಿಯವರೆಗೆ ಲೈಸೆನ್ಸಿನ ಕಾಗದದಲ್ಲಿದ್ದ ಕೆಲವು ಹೆಸರುಗಳು ಕೇಸಿನ ಕಾಗದಕ್ಕೆ ದಾಟಿದವು. ಮೊಮ್ಮಕ್ಕಳಿಗೆ ಮುಜುಗರವಾದರೂ ಹುಡುಕುವವರಿಗೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಹಳೆಯ ರಿಜಿಸ್ಟರು ಒಳ್ಳೆಯ ಆಕರ. ತಂದೆಯ ಹೆಸರು, ಓಣಿ, ವಯಸ್ಸು, ಕಸುಬು ಎಲ್ಲವನ್ನೂ ಪೊಲೀಸರು ಬರೆದಿರುತ್ತಾರೆ. ಹೆಳವರಂತೆ ಹೊಗಳುವ ಹಂಗು ಅವರಿಗಿಲ್ಲ.

1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಪಾನನಿರೋಧ ಮುಂದುವರಿಯಿತು. ಅದು ಸಡಿಲಾದದ್ದು 1967ರಲ್ಲಿ. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, 1939ರಲ್ಲಿ ಚಿತ್ರದುರ್ಗದ ತುರುವನೂರಿನ ಈಚಲು ಮರ ಕಡಿಯುವ ಸತ್ಯಾಗ್ರಹದ ಮುಂದಾಳು ಅವರೇ. ಮರ ಕಡಿದ ಕೈಯಿಂದಲೇ ಅಂಗಡಿಯ ಬೀಗ ತೆಗೆಸಬೇಕಾಗಿ ಬಂತು. ಹದಿನೇಳು ವರ್ಷವೆಂದರೆ ಸಣ್ಣ ಅವಧಿಯಲ್ಲ. 1950ರಲ್ಲಿ ಗಲ್ಲಾದ ಮೇಲೆ ಕೂತಿದ್ದ ಐವತ್ತು ವರ್ಷದವನಿಗೆ 1967ರಲ್ಲಿ ಅರವತ್ತೇಳು, ಬದುಕಿದ್ದರೆ. ಮಗ ಬೇರೆ ದಂಧೆ ಹಿಡಿದಾಗಿತ್ತು. ಹೊಸ ಲಿಲಾವಿನಲ್ಲಿ ಕೂಗಲು ದೊಡ್ಡ ಬಂಡವಾಳ ಬೇಕು. ತಾಲ್ಲೂಕುಗಟ್ಟಲೆ ಗುತ್ತಿಗೆ ಹಿಡಿಯುವವರ ಕಾಲ ಬಂದಿತ್ತು. ಹಳೆಯ ಅಂಗಡಿಯ ಮನೆತನಕ್ಕೂ ಹೊಸ ಸರಾಯಿ ಅಂಗಡಿಗೂ ಸಂಬಂಧ ಹರಿಯಿತು. ನಾಚಿಕೆಗಿಂತ ಈ ಹದಿನೇಳು ವರ್ಷದ ಬಿರುಕೇ ಅಜ್ಜಂದಿರನ್ನು ನುಂಗಿತು ಎನ್ನುವುದು ಹೆಚ್ಚು ಸರಿ. ನಾಚಿಕೆಯಿದ್ದರೂ ಅಂಗಡಿ ನಡೆಯುತ್ತಿದ್ದರೆ ಹೆಸರು ಬೋರ್ಡಿನ ಮೇಲಾದರೂ ಉಳಿಯುತ್ತಿತ್ತು.

ಅಂಗಡಿ ಹೋದರೂ ಅದರ ಪಕ್ಕದ ಒಲೆ ಆರಲಿಲ್ಲ. ಗದಗ-ಬೆಟಗೇರಿ, ಹುಬ್ಬಳ್ಳಿ, ಗಜೇಂದ್ರಗಡದ ಕಡೆ ಹೋದವರಿಗೆ ಸಾವಜಿ ಖಾನಾವಳಿ ಹೊಸದಲ್ಲ. ನಡೆಸುವವರು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು, ಜನರ ಬಾಯಲ್ಲಿ ಪಟ್ಟೇಗಾರರು. ಮೂಲ ಕಸುಬು ನೇಯ್ಗೆ. ಗಜೇಂದ್ರಗಡವೂ ನೇಕಾರರ ಊರೇ, ಪಟ್ಟೇದ ಅಂಚಿನ ಸೀರೆಯ ಊರು. ಮಗ್ಗ ಸೋತಾಗ ಮನೆಯ ಹೆಂಗಸರ ಕೈರುಚಿ ಮನೆ ಹಿಡಿಯಿತು ಎಂದು ಹಿರಿಯರು ಹೇಳುತ್ತಾರೆ. ಖೈಮಾ ಉಂಡೆ, ಎಡ್ಮಿ, ಕೆಂಪಗೆ ತೇಲುವ ಎಣ್ಣೆಯ ಮಟನ್ ಸಾರು, ಕುದಿಸಿದ ತತ್ತಿ, ಪಕ್ಕದಲ್ಲಿ ಹೆಚ್ಚಿದ ಉಳ್ಳಾಗಡ್ಡಿ. ಖಾರ ಎಂಥದೆಂದರೆ ಮೊದಲ ತುತ್ತಿಗೆ ಮೂಗು, ಎರಡನೆಯದಕ್ಕೆ ಕಣ್ಣು. ಇದು ಹಾಲು-ಮಜ್ಜಿಗೆಯ ಜೊತೆ ಉಣ್ಣಲು ಹುಟ್ಟಿದ ಅಡಿಗೆಯಲ್ಲ ಎಂದು ನಾಲಿಗೆಗೇ ಗೊತ್ತಾಗುತ್ತದೆ. ಕುಡಿತದ ಅಂಗಡಿಯ ನೆರಳಲ್ಲಿ ಬೆಳೆದ ಊಟದ ರುಚಿ ಅದು.

ಹುಡುಕುವವರಿಗೆ ಈ ಸಮಾಜದ ಹೆಸರುಗಳೂ ನೆರವಾಗುತ್ತವೆ. ಗಂಡಸರ ಹೆಸರಿನ ಕೊನೆಗೆ 'ಸಾ' ಬರುತ್ತದೆ. ಗೋವಿಂದಸಾ, ಅಂಬಾಸಾ ಎಂಬಂತೆ. ಹಳೆಯ ಪಟ್ಟಿಯೊಂದರಲ್ಲಿ ಇಂಥ ಹೆಸರು ಕಂಡರೆ ಮನೆತನದ ಜಾಡು ಕೂಡಲೇ ಹತ್ತುತ್ತದೆ. ಈಡಿಗರು, ಕಲಾಲರು ಎಂಬ ಅಡ್ಡಹೆಸರುಗಳಂತೂ ಕಸುಬನ್ನೇ ಹೇಳಿಬಿಡುತ್ತವೆ. ಆದರೆ ಕಾಗದದ ಹೆಸರನ್ನು ಕಣ್ಣುಮುಚ್ಚಿ ನಂಬಬಾರದು. ಲೈಸೆನ್ಸು ಒಬ್ಬನ ಹೆಸರಿನಲ್ಲಿ, ರೊಕ್ಕ ಇನ್ನೊಬ್ಬನದು, ಗಲ್ಲಾದ ಮೇಲೆ ಕೂತು ಅಳತೆ ಹಾಕುವವರು ಮೂರನೆಯವರು. ಆ ಮೂರನೆಯವರು ಬಹಳ ಸಲ ಹೆಂಗಸು. ಗಂಡ ಸತ್ತ ಮೇಲೆ ಮನೆ ಹಿಡಿದವಳು. ಅವಳ ಹೆಸರು ಲಿಲಾವಿನ ಪಟ್ಟಿಯಲ್ಲಿ ಸಿಗುವುದು ಅಪರೂಪ.

ಅವಳು ಸಿಗುವುದು ಆಸ್ತಿಯ ಕಾಗದದಲ್ಲಿ. ಮುಂಬಯಿ ಕರ್ನಾಟಕದ ಪಟ್ಟಣಗಳಿಗೆ ಸಿಟಿ ಸರ್ವೇ ಇತ್ತೆಂಬುದು ಇಲ್ಲಿನವರ ಭಾಗ್ಯ. ಅಂಗಡಿ ಇದ್ದ ಮೂಲೆ ಯಾವುದೆಂದು ಊರ ಹಿರಿಯರಿಂದ ತಿಳಿದುಕೊಂಡು ಆ ಜಾಗದ ಸಿಟಿಎಸ್ ನಂಬರು ಪತ್ತೆ ಮಾಡಿ ಉತಾರ ತೆಗೆಸಿದರೆ, ಇಂದಿನ ಮಾಲೀಕನಿಂದ ಹಿಂದಕ್ಕೆ ಒಬ್ಬೊಬ್ಬರಾಗಿ ಹೆಸರುಗಳು ಇಳಿಯುತ್ತ ಹೋಗುತ್ತವೆ. ಖರೀದಿ, ಬಕ್ಷೀಸು, ವಾರಸಾ. ಗಂಡನ ಹೆಸರು ಕಡಿಮೆಯಾಗಿ ಹೆಂಡತಿಯ ಹೆಸರು ದಾಖಲಾದ ದಿನಾಂಕ ಅಲ್ಲಿ ಸಿಗುತ್ತದೆ. ಅಲ್ಲಿಂದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅದೇ ಕಾಲದ ವಾಟ್ನಿ ಪತ್ರ ಕೇಳಬೇಕು. ಅಣ್ಣತಮ್ಮಂದಿರು ಬೇರೆಯಾಗುವಾಗ ಏನನ್ನೂ ಮುಚ್ಚಿಡುವುದಿಲ್ಲ. ಮರ್ಯಾದೆಗೆ ಅಂಜಿ ಅಜ್ಜನ ಕಸುಬನ್ನು ಬಚ್ಚಿಟ್ಟ ಮನೆಯವರೇ ಪಾಲಿನ ಪ್ರಶ್ನೆ ಬಂದಾಗ ಅಂಗಡಿಯ ಹಿತ್ತಾಳೆ ಅಳತೆ, ಪೀಪಾಯಿ, ಬರಬೇಕಾದ ಉದ್ರಿ ಬಾಕಿ ಎಲ್ಲವನ್ನೂ ಛಾಪಾ ಕಾಗದದ ಮೇಲೆ ಬರೆಸುವಂಥವರು.

ಇನ್ನು ಈಚಿನ ಸಂಗತಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸರಾಯಿ ನಿಂತಿತು. ಪಾಕೀಟು ಹರಿದು ಗಂಟಲಿಗೆ ಸುರಿದುಕೊಳ್ಳುತ್ತಿದ್ದ ದೃಶ್ಯ ಸಂತೆಗಳಿಂದ ಮಾಯವಾಯಿತು. ಹಳ್ಳಿ ಹೆಂಗಸರ ದೂರಿನ ಬಲ ಅದರ ಹಿಂದಿತ್ತು, ಮಠಗಳ ಕೆಲಸವೂ ಇತ್ತು. ಗಜೇಂದ್ರಗಡದ ನೆರೆಯ ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದಲೇ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅಂಥ ಸೀಮೆಯಲ್ಲಿ ಸರಾಯಿ ಅಂಗಡಿಯ ಚರಿತ್ರೆ ಬರೆಯುತ್ತೇನೆಂದು ಹೊರಟವನನ್ನು ಜನ ಅನುಮಾನದಿಂದ ನೋಡುವುದು ಸಹಜ. ಕುಡಿತದ ಕೇಡು ಬೇರೆ, ಅಂಗಡಿಯ ಚರಿತ್ರೆ ಬೇರೆ ಎಂದು ಮೊದಲ ಹತ್ತು ನಿಮಿಷದಲ್ಲೇ ಬಿಡಿಸಿ ಹೇಳದಿದ್ದರೆ ಚಹಾ ಸಹ ಸಿಗಲಿಕ್ಕಿಲ್ಲ.

2007ರಲ್ಲಿ ಅಂಗಡಿ ಮುಚ್ಚಿದವರು ಇನ್ನೂ ಇದ್ದಾರೆ. ಲಿಲಾವಿನ ರಸೀದಿ, ಬ್ಯಾಂಕಿನ ಚಲನ್, ಇನ್‌ಸ್ಪೆಕ್ಟರ್ ಸಹಿ ಮಾಡಿದ ಸ್ಟಾಕ್ ಪುಸ್ತಕ ಅವರ ಮನೆಯ ಟ್ರಂಕಿನಲ್ಲಿರುತ್ತವೆ, ದೀಪಾವಳಿಗೆ ಸುಣ್ಣ ಬಳಿಯುವಾಗ ರದ್ದಿಗೆ ಹೋಗುತ್ತವೆ. ಊರ ಕಾಲೇಜಿನ ಇತಿಹಾಸದ ಹುಡುಗರಿಗೆ ಒಂದು ರಜೆಯ ಕೆಲಸವಾಗಿ ಇದನ್ನು ಕೊಟ್ಟರೆ ಸಾಕು. ತಾಲ್ಲೂಕಿನ ಹಳೆಯ ಅಂಗಡಿಗಳ ಜಾಗ ಗುರುತಿಸಬೇಕು, ಉತಾರ ತೆಗೆಸಬೇಕು, ಟ್ರಂಕಿನ ಕಾಗದದ ಫೋಟೋ ಹಿಡಿಯಬೇಕು, ಮನೆಯ ಹಿರಿಯ ಹೆಂಗಸರ ಮಾತನ್ನು ಫೋನಿನಲ್ಲಿ ದಾಖಲಿಸಬೇಕು. ಗಂಡಸರನ್ನು ಆಮೇಲೆ ಕೇಳಿದರಾಯಿತು. ಅವರು ಹೇಗೂ ಮೊದಲು "ಕಿರಾಣಿ ಅಂಗಡಿ ಇತ್ತರೀ" ಎಂದೇ ಹೇಳುತ್ತಾರೆ.